ತಣ್ಣನೆಯ ಗಾಲಿಗೆ ವಿಭೂತಿ

ಗುರುಪಾದ ಪತ್ತಾರನ ಬಳಿ ಇಪ್ಪತ್ತೊಂಬತ್ತು ವರ್ಷಗಳಿಂದ ಇದ್ದದ್ದು ಎರಡೇ ಮಾತು. ಒಂದು ಪಾಸು, ಇನ್ನೊಂದು ನಾಪಾಸು. ಬೆಳಗಾವಿಯ ಕಾರ್ಖಾನೆಗಳಲ್ಲಿ ಮೊದಲು ಬೀಡುಕಬ್ಬಿಣದ ಪಂಪು, ಆಮೇಲೆ ಅಲ್ಯೂಮಿನಿಯಂ ಗಾಲಿ, ಈಗ ಮೆಗ್ನೀಸಿಯಂ ಗಾಲಿ, ಹೀಗೆ ಏನೇ ಅವನ ಮೇಜಿಗೆ ಬಂದರೂ ಅದನ್ನು ತಿರುವಿ, ತಟ್ಟಿ, ಕ್ಷ-ಕಿರಣದಲ್ಲಿ ಇಣುಕಿ, ಎರಡರಲ್ಲಿ ಒಂದು ಮಾತು ಬರೆದು ಸಹಿ ಹಾಕುತ್ತಿದ್ದ. ಖಾನಾವಳಿಗೆ ಹೋದರೆ ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಾನೆ ಎಂದು ಹೆಂಡತಿ ಕಸ್ತೂರಿ ಹೇಳಿಕೊಂಡು ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಂಥವನ ತಲೆ ಕೆಡಿಸಲೆಂದೇ ಬಂದದ್ದು ‘ಮಾಯು’ ಎಂಬ ಹೊಸ ಮಿಶ್ರಲೋಹ.

ಓಟದ ಕಾರುಗಳಿಗೆ ಗಾಲಿಯ ಭಾರವೇ ದೊಡ್ಡ ಶತ್ರು. ಸ್ಪ್ರಿಂಗಿನ ಕೆಳಗೆ ಕುಳಿತ ಒಂದು ಕಿಲೋ, ಮೇಲೆ ಕುಳಿತ ನಾಲ್ಕು ಕಿಲೋಗಿಂತ ಹೆಚ್ಚು ಕಾಟ ಕೊಡುತ್ತದೆ. ಗಾಲಿ ಹಗುರವಾದಷ್ಟೂ ಕಾರು ಬೇಗ ಚಿಮ್ಮುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ನೆಲ ಬಿಡುವುದಿಲ್ಲ. ಮೆಗ್ನೀಸಿಯಂ ಅಲ್ಯೂಮಿನಿಯಂಗಿಂತ ಮೂರನೇ ಒಂದು ಪಾಲು ಹಗುರ. ಆದರೆ ಅದಕ್ಕೆ ದಣಿವು ಜಾಸ್ತಿ. ಬಡಿತ ತಿಂದು ತಿಂದು ಅದರಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಗುರುಪಾದ ಕೆಲಸ ಮಾಡುತ್ತಿದ್ದ ‘ಹಗುರ ವೀಲ್ಸ್’ ಕಂಪನಿಯ ವಿಜ್ಞಾನಿ ಡಾ. ಅನಘಾ ಕಟ್ಟಿ ಏಳು ವರ್ಷ ಕೇಳಿಕೊಂಡದ್ದು ಒಂದೇ ಪ್ರಶ್ನೆ: ನಮ್ಮ ಕೈಯ ಗಾಯ ಮಾಯುವ ಹಾಗೆ ಲೋಹದ ಬಿರುಕೂ ಮಾಯ್ದರೆ ಏನಾದೀತು? ಎರಡು ಸಾವಿರದ ಮೂವತ್ತೇಳರಲ್ಲಿ ಆಕೆಗೆ ಉತ್ತರ ಸಿಕ್ಕಿತು. ಆಕೆ ಬೆರೆಸಿದ ಮಿಶ್ರಣದಲ್ಲಿ, ಗಾಲಿ ಓಡಿ ಬೆಚ್ಚಗಾದಾಗ ಲೋಹದ ಕಣಗಳು ತಾವಾಗಿ ಬಿರುಕಿನತ್ತ ಸರಿದು ಅದನ್ನು ತುಂಬಿಬಿಡುತ್ತಿದ್ದವು.

ಮೊದಲ ಸಲ ಅದನ್ನು ಕಂಡ ದಿನ ಗುರುಪಾದ ಪರದೆಯನ್ನು ತನ್ನ ಅಂಗಿಯ ತುದಿಯಿಂದ ಮೂರು ಸಲ ಒರೆಸಿದ. ಬೆಳಿಗ್ಗೆ ಗಾಲಿಯ ಕಡ್ಡಿಯಲ್ಲಿ ಬಿರುಕಿತ್ತು. ನಾಪಾಸು ಎಂದು ಬರೆದಿದ್ದ. ಅನಘಾ ಅದೇ ಗಾಲಿಯನ್ನು ಯಂತ್ರದಲ್ಲಿ ಅರ್ಧ ತಾಸು ಓಡಿಸಿ ತಂದಿದ್ದಳು. ಈಗ ಬಿರುಕಿರಲಿಲ್ಲ.

“ಎಲ್ಲಿ ಹೋತ್ರಿ ಮೇಡಂ?”

“ಮಾಯ್ತು ಪತ್ತಾರ್. ನಿಮ್ಮ ಕೈ ಕೊಯ್ದ್ರ ಮಾಯೂದಿಲ್ಲೇನು?”

“ನನ್ನ ಕೈ ಮಾಯಬೇಕಂದ್ರ ನಾ ಎರಡ್ಹೊತ್ತು ಉಣ್ತೇನ್ರಿ. ಇದು ಏನ್ ಉಂಡು ಗಾಯ ತುಂಬಿಸ್ಕೊಂತು?”

ಅನಘಾ ನಕ್ಕಳು. “ಧೂಳಿನಷ್ಟು ಲೋಹ ಸಾಕಾಗ್ತದ. ಎಲ್ಲಿ ದಪ್ಪ ಅದನೋ ಅಲ್ಲಿಂದ ತಗೋತದ.”

ದಪ್ಪ ಇದ್ದದ್ದು ಗಾಲಿಯ ನಡುಭಾಗ, ಬೋಲ್ಟು ಕೂರುವ ಜಾಗ. ಅಲ್ಲಿ ಬಿರುಕು ಬಿಟ್ಟದ್ದನ್ನು ಗುರುಪಾದ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. ಕ್ಷ-ಕಿರಣದ ಯಂತ್ರದ ಉಕ್ಕಿನ ಹಿಡಿಕೆ ಕೂಡ ಗಾಲಿಯನ್ನು ಅಲ್ಲೇ ಕಚ್ಚಿ ಹಿಡಿಯುತ್ತಿದ್ದರಿಂದ, ಆ ಜಾಗವನ್ನು ಯಾರೂ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಅವನಿಗೆ ಕಷ್ಟವಾದದ್ದು ಬೇರೆ. ಇಂದು ಇದ್ದು ನಾಳೆ ಇಲ್ಲದ ಬಿರುಕಿಗೆ ಏನೆಂದು ಬರೆಯುವುದು? ಒಂದೇ ಗಾಲಿಗೆ ಬೆಳಿಗ್ಗೆ ನಾಪಾಸು, ಮಧ್ಯಾಹ್ನ ಪಾಸು ಎಂದು ಬರೆದು ಅವನಿಗೆ ನಾಚಿಕೆಯಾಯಿತು. ಎರಡು ವಾರ ನಿದ್ದೆಗೆಟ್ಟು ಕೊನೆಗೆ ತಾನೇ ಒಂದು ನಿಯಮ ಬರೆದ. ಮಾಯು ಗಾಲಿಯನ್ನು ಅರ್ಧ ತಾಸು ಓಡಿಸಿ, ಬಿಸಿ ಆರುವ ಮುಂಚೆಯೇ ಪರೀಕ್ಷಿಸಬೇಕು. ಹಾಗೆ ಮಾಡಿದರೆ ಉತ್ತರ ಪ್ರತಿ ಸಲ ಒಂದೇ ಬರುತ್ತಿತ್ತು. ಕಂಪನಿಯವರು ಮೆಚ್ಚಿ ಆ ನಿಯಮಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಗುರುಪಾದನ ಗೊಂದಲ ತಾತ್ಕಾಲಿಕವಾಗಿ ಗೋಡೆ ಸೇರಿತು.

ಮನೆಯಲ್ಲಿ ಇನ್ನೊಂದು ತಲೆನೋವಿತ್ತು. ಆ ಗಾಲಿಗಳ ಮೇಲೆ ಕುಳಿತು ಓಡಿಸುತ್ತಿದ್ದವಳು ಅವನ ಮಗಳು ಶಿವಲೀಲಾ. ಇಪ್ಪತ್ತಾರರ ಹುಡುಗಿ, ಕಂಪನಿಯ ಪರೀಕ್ಷಾ ಚಾಲಕಿ. ಸ್ಕೂಟರ್ ಕಲಿಸಿದವನೇ ಅವನು; ಈಗ ಅವಳು ತಾಸಿಗೆ ಇನ್ನೂರೈವತ್ತು ಕಿಲೋಮೀಟರ್ ಎಂದಾಗ ತಟ್ಟೆ ಸರಿಸಿ ಏಳುತ್ತಿದ್ದವನೂ ಅವನೇ. ಅವಳ ಧೈರ್ಯ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದ್ದ. “ನಾ ಕೂಡೂದು ಗಾಲಿ ಮ್ಯಾಲಲ್ಲ ಅಪ್ಪಾ, ನಿನ್ನ ಸಹಿ ಮ್ಯಾಲ” ಅಂದಿದ್ದಳು. ಅದನ್ನು ಕೇಳಿ ಅವನಿಗೆ ಹೆಮ್ಮೆಯಾಗಿತ್ತು, ಹೆದರಿಕೆಯೂ ಆಗಿತ್ತು.

ಮೊದಲ ಮಾಯು ಗಾಲಿಗಳಲ್ಲಿ ಒಂದು ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿ, ಐದು ಸಲ ಬಿರುಕು ಬಿಟ್ಟು, ಐದು ಸಲವೂ ಮಾಯ್ದು, ಹೊಸದರಂತೆ ಉಳಿದಿತ್ತು. ಕಂಪನಿ ಅದನ್ನು ಶಿವಲೀಲಾಗೆ ನೆನಪಿನ ಕಾಣಿಕೆಯಾಗಿ ಕೊಟ್ಟಿತು. ಅವಳು ಅದಕ್ಕೆ ಗಾಜು ಹಾಕಿಸಿ ಟೀಪಾಯಿ ಮಾಡುತ್ತೇನೆಂದಳು. ಕಸ್ತೂರಿ ಬಿಡಲಿಲ್ಲ. ಮಗಳನ್ನು ಹೊತ್ತ ಗಾಲಿಯ ಮೇಲೆ ಚಹದ ಕಪ್ಪು ಇಡುವುದೇ ಎಂದು ಅದನ್ನು ದೇವರ ಕೋಣೆಯ ಮೂಲೆಗೆ ಸಾಗಿಸಿದಳು. ಎತ್ತುವಾಗ, ಇಷ್ಟು ಹಗುರದ್ದು ನನ್ನ ಮಗಳನ್ನು ಹೇಗೆ ಹೊತ್ತಿತು ಎಂದು ಗಾಬರಿಯಾದಳು. ಅಂದಿನಿಂದ ದಿನಾ ಕುಸುಬಿ ಎಣ್ಣೆಯಲ್ಲಿ ಕುಂಕುಮ ಕಲಸಿ ಗಾಲಿಯ ನಡುವಿಗೆ ಬಳಿದು, ಮರುದಿನ ಬಟ್ಟೆಯಿಂದ ಒರೆಸಿ ಮತ್ತೆ ಬಳಿಯುತ್ತಿದ್ದಳು. ಗುರುಪಾದ ಇದನ್ನೆಲ್ಲ ನೋಡಿಯೂ ನೋಡದಂತಿದ್ದ.

ಭಾನುವಾರ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಸೈಕಲ್ಲಿಗೂ ಪೂಜೆ ತಪ್ಪುವುದಿಲ್ಲ, ಇನ್ನು ದೇವರ ಕೋಣೆಯ ಗಾಲಿಗೆ ತಪ್ಪೀತೇ? ಕಸ್ತೂರಿ ಹಳೆಯ ಕುಂಕುಮ ಒರೆಸಿ, ಅಮಾವಾಸ್ಯೆಯೆಂದು ವಿಶೇಷವಾಗಿ ವಿಭೂತಿ ನೀರಲ್ಲಿ ಕಲಸಿ ನಡುಭಾಗದ ತುಂಬ ಮೂರು ದಪ್ಪ ಗೆರೆ ಎಳೆದಳು. ಊದುಬತ್ತಿ ಹಚ್ಚಿ ತಿರುಗುವಷ್ಟರಲ್ಲಿ ಒಣಗಿದ ಬಿಳಿ ವಿಭೂತಿಯ ನಡುವೆ ಒಂದು ಸಣ್ಣ ಕೆಂಪು ಗೆರೆ ಮೂಡಿತ್ತು. ನೋಡನೋಡುತ್ತ ಬೆರಳುದ್ದ ಬೆಳೆಯಿತು.

“ಏನ್ರೀ, ಇಲ್ಲಿ ಬರ್ರಿ” ಎಂದು ಅವಳು ಕರೆದ ದನಿಗೆ ಗುರುಪಾದ ದಾಡಿಯ ಸೋಪು ಮುಖದಲ್ಲಿರುವಾಗಲೇ ಬಂದ.

“ರಕ್ತ ಬಂದೈತಿ ಗಾಲಿಗೆ. ಬುಧವಾರ ಹುಡುಗಿ ಹೋಗೂದು ಬ್ಯಾಡ. ದೇವರು ಹೇಳಾಕತ್ತಾನ.”

ಬುಧವಾರ ದೊಡ್ಡ ಓಟವಿತ್ತು. ಹೊರದೇಶದ ಇಬ್ಬರು ಗಿರಾಕಿಗಳ ಮುಂದೆ, ನಿಂತ ಕಾರು ಒಂದೇ ದಮ್ಮಿಗೆ ಮುನ್ನೂರು ಕಿಲೋಮೀಟರ್ ವೇಗ ಮುಟ್ಟಿ ತೋರಿಸಬೇಕಿತ್ತು. ಶಿವಲೀಲಾ ಒಳಗಿನಿಂದಲೇ ನಕ್ಕಳು. “ಪ್ರತಿ ಸಲ ಒಂದೊಂದು ಅಪಶಕುನ ಹುಡುಕ್ತೀ ಅವ್ವಾ. ಹೋದ ಸಲ ಬೆಕ್ಕು, ಈ ಸಲ ವಿಭೂತಿ.”

ಗುರುಪಾದ ನಗಲಿಲ್ಲ. ಆ ಕೆಂಪು ಗೆರೆಯನ್ನು ಅವನು ಸಾವಿರ ಸಲ ಕಂಡಿದ್ದ. ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯುವುದು ಹೀಗೆಯೇ. ಮೊದಲು ಕೆಂಪು ಬಣ್ಣದ ಎಣ್ಣೆ ಬಳಿಯಬೇಕು, ಅದು ಬಿರುಕಿನೊಳಗೆ ಇಳಿಯಲು ಇಪ್ಪತ್ತು ನಿಮಿಷ ಬಿಡಬೇಕು, ಮೇಲಿನದನ್ನು ಒರೆಸಿ ಬಿಳಿ ಪುಡಿ ಹಚ್ಚಬೇಕು. ಒಳಗೆ ಕುಳಿತ ಕೆಂಪನ್ನು ಬಿಳಿ ಪುಡಿ ಹೀರಿ ಮೇಲೆ ತೋರಿಸುತ್ತದೆ. ಕಸ್ತೂರಿ ಭಕ್ತಿಯಿಂದ ಮಾಡಿದ್ದು ಅಕ್ಷರಶಃ ಅದನ್ನೇ. ಆದರೆ ಬಿರುಕಿದ್ದದ್ದು ನಡುಭಾಗದಲ್ಲಿ. ಅಲ್ಲಿ ಬಿರುಕು ಬರುವುದಿಲ್ಲ ಎಂದು ಅವನಿಗೆ ತನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು.

ಸೋಮವಾರ ಗಾಲಿಯನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಒಯ್ದ. ನಿಯಮದ ಪ್ರಕಾರ ಅರ್ಧ ತಾಸು ಓಡಿಸಿ, ಬಿಸಿಯಿರುವಾಗಲೇ ಕಂಪನಿಯ ಕೆಂಪು ಎಣ್ಣೆ, ಕಂಪನಿಯ ಬಿಳಿ ಪುಡಿ ಹಚ್ಚಿದ. ಏನೂ ಮೂಡಲಿಲ್ಲ. ಇನ್ನೊಮ್ಮೆ ಮಾಡಿದ. ಪುಡಿ ಹಾಲಿನ ಕೆನೆಯ ಹಾಗೆ ಬೆಳ್ಳಗೇ ಉಳಿಯಿತು. ಬುಧವಾರದ ಓಟಕ್ಕೆ ಮೀಸಲಾದ, ಇದರಂತೆಯೇ ಓಡಿ ಮಾಯ್ದ ನಾಲ್ಕು ಗಾಲಿಗಳನ್ನು ಅವನು ಕಾರು ಟ್ರ್ಯಾಕಿಗೆ ಹೋಗುವ ಮುಂಚೆಯೇ ಹೀಗೆ ಪಾಸು ಮಾಡಿ ಸಹಿ ಹಾಕಿದ್ದ.

ಅನಘಾಳ ಬಳಿ ಹೋಗಿ ಎಲ್ಲ ಹೇಳಿದ. ಹೇಳುತ್ತಿರುವಾಗಲೇ ತನ್ನ ಮಾತು ತನಗೇ ಹುಚ್ಚುತನವಾಗಿ ಕೇಳಿಸಿತು.

“ಮನ್ಯಾಗ ಬಿರುಕು, ಕಂಪನ್ಯಾಗ ಇಲ್ಲ ಅಂದ್ರ ನಾ ಏನ್ ತಿಳ್ಕೋಬೇಕು ಪತ್ತಾರ್?” ಅನಘಾ ಬೈಯಲಿಲ್ಲ, ಬೇಸರದಿಂದ ಕೇಳಿದಳು. “ಕುಂಕುಮ ನೋಡಿ ಓಟ ನಿಲ್ಲಿಸ್ರಿ ಅಂತ ಮ್ಯಾನೇಜರ್‌ಗೆ ಹೇಳ್ಲೇನು? ಕಾರು ಆಗ್ಲೇ ಹನ್ನೊಂದು ದಿನದಿಂದ ಟ್ರ್ಯಾಕಿನಾಗ ನಿಂತದ, ಗಿರಾಕಿಗಳು ಬಂದಾರ. ನಿಮ್ಮ ನಿಯಮ ಅದ, ನಿಮ್ಮ ಸಹಿ ಅದ. ಬೇರೆ ಏನರೆ ಆಧಾರ ಇದ್ರ ಕೊಡ್ರಿ, ನಾನ ನಿಲ್ಲಸ್ತೇನಿ.”

ಅವನ ಬಳಿ ಬೇರೆ ಆಧಾರವಿರಲಿಲ್ಲ. ಚಾಲಕಿ ತನ್ನ ಮಗಳು, ಅದಕ್ಕೇ ಹೆದರಿದ್ದಾನೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಅದು ನಿಜವೇ ಇರಬಹುದೆಂಬ ಅನುಮಾನ ಅವನಿಗೂ ಇತ್ತು.

ಮಂಗಳವಾರ ಸಂಜೆ ಕಸ್ತೂರಿಯ ಕಾಟ ತಡೆಯಲಾರದೆ, ಆಗಷ್ಟೇ ಯಂತ್ರದಲ್ಲಿ ಇನ್ನೊಮ್ಮೆ ಓಡಿಸಿ ನೋಡಿದ್ದ ಗಾಲಿಯನ್ನು ಮನೆಗೆ ತಂದ. ಅವಳು ಕೂಡಲೇ ಕುಂಕುಮ ಬಳಿದಳು. ಊಟದ ಹೊತ್ತಿಗೆ ಒರೆಸಿ ವಿಭೂತಿ ಹಚ್ಚಿದಳು. ಗೆರೆ ಮೂಡಲಿಲ್ಲ. ಕಸ್ತೂರಿಯ ಮುಖ ಅರಳಿತು. ದೇವರು ಮನಸ್ಸು ಬದಲಿಸಿದ ಎಂದಳು. ಗುರುಪಾದನಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಗೊಂದಲವಾಯಿತು. ದೇವರು ಮನಸ್ಸು ಬದಲಿಸಬಹುದು, ಲೋಹ ಹೇಗೆ ಬದಲಿಸುತ್ತದೆ?

“ವಿಭೂತಿ ಒರಸಿ ಮತ್ತ ಕುಂಕುಮ ಬಳದು, ಮುಂಜಾನಿತನಕ ಬಿಡು” ಅಂದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ಶಿವಲೀಲಾ ಟ್ರ್ಯಾಕಿಗೆ ಹೊರಟುಹೋದಳು. ಏಳೂ ಮುಕ್ಕಾಲಿಗೆ ಕಸ್ತೂರಿ ಗಾಲಿ ಒರೆಸಿ ವಿಭೂತಿ ಹಚ್ಚಿದಳು. ಹತ್ತೇ ನಿಮಿಷದಲ್ಲಿ ಕೆಂಪು ಗೆರೆ ಅದೇ ಜಾಗದಲ್ಲಿ, ಅದೇ ಉದ್ದದಲ್ಲಿ ಮೂಡಿ ನಿಂತಿತು. ಗುರುಪಾದ ಬಗ್ಗಿ ಗಾಲಿಯ ನಡುವಿಗೆ ಅಂಗೈ ಇಟ್ಟ. ಮಣ್ಣಿನ ಕೊಡದಷ್ಟು ತಣ್ಣಗಿತ್ತು. ನಿನ್ನೆ ಸಂಜೆ ಇಲ್ಲಿಟ್ಟಾಗ ಬೆಚ್ಚಗಿತ್ತು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದಾಗಲೆಲ್ಲ ಬೆಚ್ಚಗೇ ಇತ್ತು. ಬೆಚ್ಚಗಿರುವಾಗ ಲೋಹ ಹಿಗ್ಗಿ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ, ತಣ್ಣಗಾದರೆ ತೆರೆದುಕೊಳ್ಳುತ್ತದೆ. ಅದನ್ನು ಬಾಯಿ ಮುಚ್ಚಿಸಿಯೇ ನೋಡಬೇಕೆಂದು ನಿಯಮ ಬರೆದು ಗೋಡೆಗೆ ಹಾಕಿದವನು ತಾನು.

ಆ ಕಾರು ಹದಿಮೂರು ದಿನದಿಂದ ನಿಂತಿತ್ತು. ಹತ್ತು ಗಂಟೆಗೆ ಅದು ತಣ್ಣನೆಯ ಗಾಲಿಯಿಂದಲೇ ಚಿಮ್ಮಬೇಕಿತ್ತು.

ಮಗಳಿಗೆ ಫೋನ್ ಮಾಡಿದ. ಓಟದ ದಿನ ಚಾಲಕರ ಫೋನನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ, ಅವಳು ಸಿಗಲಿಲ್ಲ. ಅನಘಾಗೆ ಮಾಡಿದ. “ಮತ್ತ ಕುಂಕುಮದ ಸುದ್ದಿ ಏನ್ರಿ?” ಎಂದು ಆಕೆ ಕೇಳಿದ ದನಿಯಲ್ಲೇ, ನಂಬುವುದಿಲ್ಲ ಎಂದು ಗೊತ್ತಾಯಿತು. ಪರೀಕ್ಷೆಯ ಸಾಮಾನಿಗೆ ಕಾರ್ಖಾನೆಗೆ ಹೋಗಿ ಬರಲು ಹೊತ್ತಿರಲಿಲ್ಲ. ಕಸ್ತೂರಿಯ ಕುಂಕುಮದ ಬಟ್ಟಲು, ಎಣ್ಣೆಯ ಶೀಶೆ, ವಿಭೂತಿ ಉಂಡೆ, ಒಂದು ಹಳೆಯ ಪಂಚೆ, ಎಲ್ಲವನ್ನೂ ಕೈಚೀಲಕ್ಕೆ ತುಂಬಿಕೊಂಡು ಸ್ಕೂಟರ್ ಹತ್ತಿದ. ಟ್ರ್ಯಾಕು ಊರಿನಿಂದ ಮೂವತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಅವನಿಗೆ ಅಳು ಬರುತ್ತಿತ್ತು.

ತಲುಪಿದಾಗ ಒಂಬತ್ತು ಗಂಟೆ. ಕಾರಿನ ಪಕ್ಕ ಮ್ಯಾನೇಜರ್, ಅನಘಾ, ಇಬ್ಬರು ಗಿರಾಕಿಗಳು ನಿಂತಿದ್ದರು. ಶಿವಲೀಲಾ ಹೆಲ್ಮೆಟ್ ಕಂಕುಳಲ್ಲಿ ಹಿಡಿದಿದ್ದಳು. ಗುರುಪಾದ ಬಾಯಿ ತೆರೆದ. ಪರೀಕ್ಷೆ ಎಂದರೆ ಹೊರಗೆ ಹಾಕುತ್ತಾರೆ ಎಂದು ಆ ಕ್ಷಣಕ್ಕೆ ಹೊಳೆಯಿತು.

“ಪೂಜಾ ಮಾಡಬೇಕ್ರಿ. ಹೆಂಡ್ತಿ ಕಳಿಸ್ಯಾಳ” ಅಂದ.

ಮ್ಯಾನೇಜರನ ಮುಖ ಸಡಿಲವಾಯಿತು. ಎರಡು ನಿಮಿಷದ ಪರೀಕ್ಷೆಗೆ ನೂರು ತಕರಾರು ತೆಗೆಯುವ ಜನ ಪೂಜೆ ಎಂದೊಡನೆ ದಾರಿ ಬಿಟ್ಟರು. ಒಬ್ಬ ಕಾವಲುಗಾರ ತೆಂಗಿನಕಾಯಿ ತಂದ. ಗಿರಾಕಿಗಳು ಬೂಟು ಬಿಚ್ಚಿ ಬಿಸಿಲಿಗೆ ಕಾದ ನೆಲದ ಮೇಲೆ ಕಾಲು ಬದಲಿಸುತ್ತ ನಿಂತರು. ಗುರುಪಾದ ನಾಲ್ಕೂ ಗಾಲಿಗಳ ನಡುವಿನ ಮುಚ್ಚಳ ತೆಗೆದು, ಬೆರಳಿನಿಂದ ಕೆಂಪೆಣ್ಣೆಯನ್ನು ಮೂಲೆಮೂಲೆಗೂ ಬಳಿದ. ಗಾಲಿಗಳು ನೆರಳಲ್ಲಿದ್ದವು, ತಣ್ಣಗಿದ್ದವು. ಆಮೇಲೆ ಕೈಮುಗಿದು ಕಣ್ಣು ಮುಚ್ಚಿ ಕುಳಿತ.

ಅವನಿಗೆ ಒಂದು ಮಂತ್ರವೂ ಬರುತ್ತಿರಲಿಲ್ಲ. ತುಟಿಯಲ್ಲಿ ಗೊಣಗಿದ್ದು ಪರೀಕ್ಷಾ ಕೈಪಿಡಿಯ ನಾಲ್ಕನೇ ಪುಟ. ಹಚ್ಚಬೇಕು, ಇಪ್ಪತ್ತು ನಿಮಿಷ ಬಿಡಬೇಕು, ಒರೆಸಬೇಕು, ಬಿಳಿ ಹಚ್ಚಬೇಕು, ಹತ್ತು ನಿಮಿಷ ನೋಡಬೇಕು. ಮುಗಿದೊಡನೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಹತ್ತು ನಿಮಿಷವಾಗುತ್ತಲೇ ಮ್ಯಾನೇಜರ್ ಗಡಿಯಾರ ನೋಡತೊಡಗಿದ. ಶಿವಲೀಲಾ ಅಪ್ಪನನ್ನೇ ದಿಟ್ಟಿಸುತ್ತಿದ್ದಳು. ಮನೆಯಲ್ಲಿ ದೀಪಕ್ಕೆ ಎಣ್ಣೆಯನ್ನೂ ಹಾಕದ ಮನುಷ್ಯ ಇವನು.

ಅನಘಾ ನಿಧಾನವಾಗಿ ಬಂದು ಅವನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತಳು. ಪಂಚೆಯ ಚಿಂದಿಯನ್ನು ನೋಡಿದಳು, ಬಳಿದ ಕೆಂಪನ್ನು ನೋಡಿದಳು. ಆಕೆಗೆ ತಿಳಿಯಿತೆಂದು ಗುರುಪಾದನಿಗೂ ತಿಳಿಯಿತು. ಒಂದು ಮಾತಿಗೆ ಆಕೆ ಅವನನ್ನು ಎಬ್ಬಿಸಬಹುದಿತ್ತು. ಏಳು ವರ್ಷದ ದುಡಿಮೆ ಆ ಕಾರಿನ ಕೆಳಗಿತ್ತು.

“ಇಪ್ಪತ್ತು ನಿಮಿಷ ಆಗಿಲ್ಲ” ಆಕೆ ಮೆಲ್ಲಗೆ ಅಂದಳು. “ಇನ್ನೂ ಮೂರು ಅದ. ಕೂಡ್ರಿ.”

ಆಮೇಲೆ ಒರೆಸಿ ವಿಭೂತಿ ಬಳಿದರು. ಎರಡು ಗಾಲಿ ಅವನು, ಎರಡು ಗಾಲಿ ಆಕೆ. ಮೂರು ಗಾಲಿ ಬೆಳ್ಳಗೆ ಉಳಿದವು. ಹಿಂದಿನ ಬಲಗಾಲಿಯಲ್ಲಿ ಬೋಲ್ಟಿನಿಂದ ಬೋಲ್ಟಿಗೆ ಕೆಂಪು ಗೆರೆ ಮೂಡಿತು. ಒಬ್ಬ ಗಿರಾಕಿ ಅದು ಪೂಜೆಯ ಅಲಂಕಾರವೆಂದು ಫೋಟೋ ತೆಗೆದುಕೊಂಡ.

ಶಿವಲೀಲಾ ಮೊಣಕಾಲೂರಿ ಆ ಗೆರೆಯನ್ನು ನೋಡಿದಳು.

“ಇದು ಪೂಜಾನೋ ಪರೀಕ್ಷಾನೋ ಅಪ್ಪಾ?”

“ನನಗೂ ಗೊತ್ತಿಲ್ಲವ್ವಾ. ಆದ್ರ ಸಹಿ ತಪ್ಪೈತಿ. ಅದರ ಮ್ಯಾಲ ಕೂಡಬ್ಯಾಡ.”

ಅವಳು ಕೈಗವಸು ಬಿಚ್ಚಿ ಹೆಲ್ಮೆಟ್ಟಿನೊಳಗೆ ಹಾಕಿದಳು. ಓಟ ನಿಲ್ಲಿಸಿದ್ದೇನೆ ಎಂದು ಮ್ಯಾನೇಜರನಿಗೆ ಹೇಳಿದ್ದು ಅನಘಾ.

ಮಧ್ಯಾಹ್ನ ಆ ಗಾಲಿಯನ್ನು ಬೆಚ್ಚಗೆ ಮಾಡದೆ ಹಾಗೆಯೇ ಒತ್ತುಯಂತ್ರಕ್ಕೆ ಕೊಟ್ಟರು. ತಡೆಯಬೇಕಾದ ಭಾರದ ಮೂರನೇ ಒಂದು ಪಾಲಿಗೇ ನಡುಭಾಗ ಎರಡು ಹೋಳಾಯಿತು. ದೊಡ್ಡ ಸದ್ದೇನೂ ಬರಲಿಲ್ಲ, ಒಣ ರೊಟ್ಟಿ ಮುರಿದಷ್ಟೇ. ಅನಘಾ ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗೆಲ್ಲ ಸಣ್ಣ ಸಣ್ಣ ತೂತು, ಗೆದ್ದಲು ಹಿಡಿದ ತೊಲೆಯ ಹಾಗೆ.

“ಮಾಯ್ದಿದ್ದೇ ಇಲ್ಲ ಪತ್ತಾರ್. ಕಡ್ಡಿ ತುಂಬಿಸ್ಲಿಕ್ಕೆ ನಡುವಿನ ಲೋಹ ಹೋಗೇದ. ಅಲ್ಲಿನ ಗಾಯ ಇಲ್ಲಿ ಬಂದು ಕೂತದ” ಅಂದಳು. “ಏನ್ ಉಣ್ತೈತಿ ಅಂತ ನೀವು ಮೊದಲನೇ ದಿನಾನೇ ಕೇಳಿದ್ರಿ. ನಾ ನಕ್ಕೆ.”

“ನಾನೂ ಅಷ್ಟಕ್ಕ ಬಿಟ್ಟೆನಲ್ರಿ ಮೇಡಂ” ಅಂದ ಗುರುಪಾದ. ಗೋಡೆಯಿಂದ ನಿಯಮದ ಕಟ್ಟನ್ನು ಇಳಿಸಿ ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟ. ಆ ದಿನದ ವರದಿಯಲ್ಲಿ ನಾಪಾಸು ಎಂದು ಬರೆದದ್ದು ಆ ಒಂದೇ ಗಾಲಿಗೆ. ಬೆಳ್ಳಗೆ ಉಳಿದ ಮೂರು ಗಾಲಿಗಳ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಖಾಲಿ ಬಿಟ್ಟದ್ದು ಅದೇ ಮೊದಲು.

ಸಂಜೆ ಮನೆಗೆ ಬಂದಾಗ ಕಸ್ತೂರಿ ಮಗಳನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿದ್ದಳು. ದೇವರು ಕಾಪಾಡಿದ ಎಂದು ಓಣಿಗೆಲ್ಲ ಹೇಳಿ ಬಂದಿದ್ದಳು. ಬೆಳಿಗ್ಗೆ ಮಗಳು ಹೊರಡುವಾಗ ಹಣೆಗೆ ಹಚ್ಚಿದ್ದ ಎಣ್ಣೆಗುಂಕುಮ ಬೆವರಿಗೆ ಕದಡಿತ್ತು. ಕಸ್ತೂರಿ ಅದನ್ನು ಸೆರಗಿನಿಂದ ಒರೆಸಿ, ವಿಭೂತಿ ಕಲಸಿ, ಹಣೆಯ ತುಂಬ ಮೂರು ಗೆರೆ ಎಳೆದಳು.

ಶಿವಲೀಲಾ ಏಳಲು ಹೋದಳು. ಗುರುಪಾದ ಅವಳ ಹೆಗಲು ಹಿಡಿದು ಕೂರಿಸಿ, ಎದುರಿಗೆ ತಾನೂ ನೆಲದ ಮೇಲೆ ಕುಳಿತು, ಅವಳ ಹಣೆಯನ್ನೇ ನೋಡತೊಡಗಿದ. ವಿಭೂತಿ ನಿಧಾನವಾಗಿ ಒಣಗುತ್ತಿತ್ತು.

“ಏನ್ ನೋಡಾಕತ್ತೀ ಅಪ್ಪಾ?”

“ಏನಿಲ್ಲ” ಅಂದ ಅವನು ಗಡಿಯಾರದತ್ತ ಕಣ್ಣು ಹಾಯಿಸಿ. “ಕೂಡು. ಇನ್ನ ಎಂಟು ನಿಮಿಷ ಐತಿ.”

ಅವಳು ಕುಳಿತಳು.